ಭಾನುವಾರ ಬರೆದ ಮಾತಿಗೆ ಸೋಮವಾರ ನೋಟಿಸ್: ನೌಕರನ ವಾಕ್ ಸ್ವಾತಂತ್ರ್ಯ ಮತ್ತು ಕಂಪನಿಯ ಹಿತ

ಪ್ರಶ್ನೆ: ಕಾರವಾರ ತಾಲ್ಲೂಕಿನ ಖಾಸಗಿ ಸರಕು ಸಾಗಣೆ ಕಂಪನಿಯೊಂದರಲ್ಲಿ ಆರು ವರ್ಷಗಳಿಂದ ಲೆಕ್ಕ ವಿಭಾಗದ ಗುಮಾಸ್ತನಾಗಿದ್ದೇನೆ. ನಮ್ಮಲ್ಲಿ ಸುಮಾರು 80 ನೌಕರರಿದ್ದಾರೆ. ನಮ್ಮೂರಿನ ಬಂದರು ವಿಸ್ತರಣೆಯ ಮೊದಲ ಹಂತಕ್ಕೆ ಕಲ್ಲು ಸಾಗಿಸುವ ಉಪಗುತ್ತಿಗೆ ನಮ್ಮ ಕಂಪನಿಗೆ ಸಿಕ್ಕಿದೆ. ನನ್ನ ತಂದೆ ನಾಡದೋಣಿಯಲ್ಲಿ ಮೀನು ಹಿಡಿಯುವವರು. ಒಂದು ಭಾನುವಾರ ಮನೆಯಲ್ಲಿ ಕುಳಿತು ಫೇಸ್‌ಬುಕ್‌ನಲ್ಲಿ ಮೂರು ವಾಕ್ಯ ಬರೆದೆ. ‘ಈ ವಿಸ್ತರಣೆ ಆದರೆ ನಮ್ಮ ದಂಡೆಯಲ್ಲಿ ದೋಣಿ ಎಳೆದಿಡಲು ಜಾಗ ಉಳಿಯುವುದಿಲ್ಲ. ಅಳಿವೆಯ ಬಾಯಿ ಕಟ್ಟಿದರೆ ಮೀನು ಎಲ್ಲಿಂದ ಬರಬೇಕು? ನಮ್ಮ ಕಂಪನಿಯ ಲಾರಿಗಳೇ ರಾತ್ರಿ ಮಿತಿ ಮೀರಿ ಕಲ್ಲು ಹೊರುತ್ತವೆ, ಬಿಲ್ಲಿನಲ್ಲಿ ಮಾತ್ರ ತೂಕ ಬೇರೆ.’ ಸೋಮವಾರ ಸಂಜೆಯೇ ಕಾರಣ ಕೇಳಿ ನೋಟಿಸ್ ಬಂತು. ಕಂಪನಿಯ ವ್ಯವಹಾರದ ಹಿತಕ್ಕೆ ಧಕ್ಕೆ ತಂದಿದ್ದೇನೆ, ಏಳು ದಿನದೊಳಗೆ ಉತ್ತರ ಕೊಡಬೇಕು, ಮುಂದೆ ಯಾವ ಸಾರ್ವಜನಿಕ ವಿಷಯದ ಬಗ್ಗೆಯೂ ಬರೆಯುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಡಬೇಕು ಎಂದಿದೆ. ರಜೆಯ ದಿನ ನನ್ನ ಮನೆಯಲ್ಲಿ ನನ್ನ ಫೋನಿನಿಂದ ಬರೆದದ್ದಕ್ಕೆ ಕಂಪನಿ ಶಿಕ್ಷೆ ಕೊಡಬಹುದೇ? ಸಂವಿಧಾನ ಕೊಟ್ಟ ವಾಕ್ ಸ್ವಾತಂತ್ರ್ಯ ನನಗಿಲ್ಲವೇ? ಎರಡನೇ ಹಂತಕ್ಕೆ ಮುಂದಿನ ತಿಂಗಳು ಸಾರ್ವಜನಿಕ ಅಹವಾಲು ಸಭೆ ಇದೆ; ತಂದೆಯವರ ಜೊತೆ ಹೋಗಿ ಮಾತಾಡಬಹುದೇ?

ಉತ್ತರ: ನಿಮ್ಮ ಮೂರು ವಾಕ್ಯಗಳನ್ನು ನಾನು ಹಲವು ಸಲ ಓದಿದೆ. ನಿಮಗೆ ಕೊಡಬೇಕಾದ ಉತ್ತರದ ಮುಖ್ಯ ಭಾಗ ಆ ವಾಕ್ಯಗಳೊಳಗೇ ಇದೆ. ಮೊದಲ ಎರಡು ವಾಕ್ಯಗಳು ದಂಡೆಯಿಂದ ಬಂದವು. ಅಲ್ಲಿ ಹುಟ್ಟಿ ಬೆಳೆದ, ಅಪ್ಪನ ದೋಣಿಗೆ ಹೆಗಲು ಕೊಟ್ಟ ಯಾರಾದರೂ ಆ ಮಾತನ್ನು ಹೇಳಬಹುದು. ಅದಕ್ಕೆ ನಿಮ್ಮ ಕಂಪನಿಯ ನೌಕರರಾಗಿರಬೇಕಿಲ್ಲ. ಮೂರನೆಯ ವಾಕ್ಯ ನಿಮ್ಮ ಕಚೇರಿಯ ಮೇಜಿನಿಂದ ಬಂತು. ಬಿಲ್ಲು ಬರೆಯುವ ಗುಮಾಸ್ತನಲ್ಲದವನಿಗೆ ಆ ಮಾತು ತಿಳಿಯುವಂತಿರಲಿಲ್ಲ. ಕಾನೂನು ಈ ಎರಡು ಬಗೆಯ ಮಾತುಗಳನ್ನು ಬೇರೆ ಬೇರೆ ಕಣ್ಣಿನಿಂದ ನೋಡುತ್ತದೆ, ಹಾಗೆ ನೋಡುವುದು ಸರಿಯೆಂದೇ ನಾನೂ ನಂಬಿದ್ದೇನೆ. ರಜೆಯ ದಿನವೋ ಕೆಲಸದ ದಿನವೋ, ಮನೆಯ ಫೋನೋ ಕಚೇರಿಯ ಕಂಪ್ಯೂಟರೋ ಎಂಬುದು ಮುಖ್ಯವೇ ಆದರೂ, ಮಾತು ಎಲ್ಲಿಂದ ಹುಟ್ಟಿತು ಎಂಬ ಪ್ರಶ್ನೆಯಷ್ಟು ಮುಖ್ಯವಲ್ಲ.

ಮೊದಲು ಸಂವಿಧಾನದ ವಿಷಯ. 19(1)(ಎ) ವಿಧಿ ಎಲ್ಲ ನಾಗರಿಕರಿಗೆ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಕೊಡುತ್ತದೆ. ಆ ಸ್ವಾತಂತ್ರ್ಯಕ್ಕೆ ರಾಜ್ಯವು ಯಾವ ಕಾರಣಗಳಿಗಾಗಿ ಮಿತಿ ಹಾಕಬಹುದು ಎಂಬುದನ್ನು 19(2) ವಿಧಿ ಹೇಳುತ್ತದೆ. ಕಂಪನಿಯೊಂದರ ವ್ಯವಹಾರದ ಹಿತ ಆ ಕಾರಣಗಳಲ್ಲಿಲ್ಲ. ಇಷ್ಟನ್ನು ಓದಿದವರು ನೋಟಿಸ್ ಕೊಟ್ಟದ್ದೇ ಸಂವಿಧಾನಬಾಹಿರ ಎಂದುಕೊಳ್ಳುತ್ತಾರೆ. ಆದರೆ ಮೂಲಭೂತ ಹಕ್ಕುಗಳನ್ನು ಬಹುಮಟ್ಟಿಗೆ ಸರ್ಕಾರ ಮತ್ತು ಅದರ ಅಂಗಸಂಸ್ಥೆಗಳ ವಿರುದ್ಧ ಎತ್ತಿ ಹಿಡಿಯುವುದಕ್ಕೆಂದೇ ಬರೆಯಲಾಗಿದೆ. ಖಾಸಗಿ ಕಂಪನಿ 12ನೇ ವಿಧಿಯ ಅರ್ಥದಲ್ಲಿ ‘ರಾಜ್ಯ’ವಲ್ಲ. 2023ರ ಜನವರಿಯಲ್ಲಿ ಕೌಶಲ್ ಕಿಶೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು, 19 ಮತ್ತು 21ನೇ ವಿಧಿಗಳ ಹಕ್ಕನ್ನು ರಾಜ್ಯವಲ್ಲದವರ ವಿರುದ್ಧವೂ ಜಾರಿ ಮಾಡಬಹುದು ಎಂದು ಬಹುಮತದಿಂದ ಹೇಳಿತು. ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಈ ಅಂಶವನ್ನು ಒಪ್ಪದೆ ಪ್ರತ್ಯೇಕ ತೀರ್ಪು ಬರೆದರು. ಬಹುಮತದ ಮಾತು ದೊಡ್ಡದು. ಆದರೆ ಅದನ್ನು ನಂಬಿ ನೀವು ನೇರವಾಗಿ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಿ ಕಂಪನಿಯ ಮೇಲೆ, ಹಕ್ಕಿನ ಜಾರಿ ಕೋರುವ ರಿಟ್ ಅರ್ಜಿ ಹಾಕಿದರೆ, ಸಾರ್ವಜನಿಕ ಕರ್ತವ್ಯ ನಿರ್ವಹಿಸದ ಖಾಸಗಿ ಸಂಸ್ಥೆಯ ವಿರುದ್ಧ ಇಂಥ ಅರ್ಜಿ ನಿಲ್ಲದು ಎಂಬ ಆಕ್ಷೇಪ ಮೊದಲ ದಿನವೇ ಎದುರಾಗುತ್ತದೆ. ನಿಮ್ಮ ನಿಜವಾದ ರಕ್ಷಣೆ ಸಂವಿಧಾನಕ್ಕಿಂತ ಹೆಚ್ಚಾಗಿ ಕಾರ್ಮಿಕ ಕಾನೂನಿನಲ್ಲಿದೆ.

ಆ ಕಾನೂನಿನ ಮೂಲ ಪ್ರಶ್ನೆ ಸರಳ: ನಿಮ್ಮ ಮೇಲೆ ಹೊರಿಸಿದ ಕೃತ್ಯ ‘ದುರ್ನಡತೆ’ ಎಂದು ಯಾವ ನಿಯಮದಲ್ಲಿ ಬರೆದಿದೆ? ದುರ್ನಡತೆಗಳ ಪಟ್ಟಿ ಸ್ಥಾಯಿ ಆದೇಶಗಳಲ್ಲಿ, ಅಂದರೆ ಕೆಲಸದ ಷರತ್ತು ಮತ್ತು ಶಿಸ್ತಿನ ಬಗ್ಗೆ ಕಾನೂನಿನ ಪ್ರಕಾರ ಮಾಡಿದ ನಿಯಮಾವಳಿಯಲ್ಲಿ, ಇಲ್ಲವೇ ಕಂಪನಿಯ ಸೇವಾ ನಿಯಮಗಳಲ್ಲಿ, ನೇಮಕಾತಿ ಪತ್ರದಲ್ಲಿ ಇರಬೇಕು. ಅಲ್ಲಿಲ್ಲದ್ದನ್ನು ಆಮೇಲೆ ದುರ್ನಡತೆ ಎಂದು ಹೆಸರಿಟ್ಟು ಶಿಕ್ಷಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1980ರ ದಶಕದಲ್ಲಿ ಒಂದಕ್ಕಿಂತ ಹೆಚ್ಚು ತೀರ್ಪುಗಳಲ್ಲಿ ಹೇಳಿದೆ. ಅವುಗಳಲ್ಲಿ ನಿಮಗೆ ಬಹಳ ಹತ್ತಿರವಾದದ್ದು ಮೀರತ್ತಿನ ಕಾರ್ಮಿಕ ನ್ಯಾಯಾಲಯದಿಂದ ಮೇಲೆ ಬಂದ 1983ರ ಗ್ಲಾಕ್ಸೊ ಲ್ಯಾಬೊರೇಟರೀಸ್ ಪ್ರಕರಣ. ಮುಷ್ಕರದ ಕಾಲದಲ್ಲಿ ಕಾರ್ಖಾನೆಯ ಆವರಣದಿಂದ ದೂರದಲ್ಲಿ ನಡೆದ ಘಟನೆಗಳಿಗೆ ಕಾರ್ಮಿಕರನ್ನು ಹೊಣೆ ಮಾಡಲಾಗಿತ್ತು. ಆವರಣದೊಳಗೆ ಅಥವಾ ಅದರ ಸಮೀಪದಲ್ಲಿ ನಡೆದದ್ದು ಎಂದು ನಿಯಮದಲ್ಲಿದ್ದರೆ ಅದನ್ನು ಹಾಗೆಯೇ ಓದಬೇಕು. ಮಾಲೀಕನ ಅಧಿಕಾರ ಊರೆಲ್ಲ ಹಬ್ಬಿಕೊಂಡಿರುವುದಿಲ್ಲ. ಅವನು ಕಾರ್ಮಿಕರ ನಡತೆ ತಿದ್ದುವ ಗುರುವೂ ಅಲ್ಲ ಎಂಬ ಅರ್ಥದ ಮಾತನ್ನು ನ್ಯಾಯಾಲಯ ಅಲ್ಲಿ ಹೇಳಿತು. ‘ಗುರು’ ಎಂಬ ಪದ ಆ ಇಂಗ್ಲಿಷ್ ತೀರ್ಪಿನಲ್ಲೇ ಇದೆ. ಕಂಪನಿಯ ವಕೀಲರೊಡನೆ ಮಾತು ಬೆಳೆದಾಗಲೆಲ್ಲ ನಾನು ಆ ಪುಟವನ್ನು ತೆರೆದು ತೋರಿಸಿದ್ದೇನೆ.

ಆದರೆ ಅದೊಂದನ್ನೇ ನೆಚ್ಚಿಕೊಂಡು ಕೂರಬೇಡಿ. ಅದಕ್ಕೂ ಮೊದಲು, 1975ರಲ್ಲಿ, ರೈಲಿನಲ್ಲಿ ಪ್ರಯಾಣಿಸುತ್ತಿದ್ದಾಗ ಸಹೋದ್ಯೋಗಿಯ ಮೇಲೆ ನಡೆದ ಹಲ್ಲೆಗೆ ಸಂಬಂಧಿಸಿದ ಮುಲ್ಚಂದಾನಿ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್, ಕೃತ್ಯ ನಡೆದ ಜಾಗ ಹೊರಗಿದ್ದರೂ ಅದರ ಪರಿಣಾಮ ಕೆಲಸದ ಜಾಗದ ಶಿಸ್ತಿನ ಮೇಲೆ ಬಿದ್ದರೆ ಸಾಕು ಎಂದು ಒಪ್ಪಿಕೊಂಡಿತ್ತು. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ನಿಲುವು ಇಷ್ಟು: ಹೊರಗಿನ ನಡೆಗೂ ಉದ್ಯೋಗಕ್ಕೂ ನಿಜವಾದ, ಹೇಳಿ ತೋರಿಸಬಹುದಾದ ಸಂಬಂಧವಿರಬೇಕು. ‘ನಮಗೆ ಇಷ್ಟವಾಗಲಿಲ್ಲ’, ‘ಗುತ್ತಿಗೆ ಕೊಟ್ಟವರು ಏನೆಂದುಕೊಂಡಾರೋ’ ಎಂಬ ಅಂಜಿಕೆ ಸಂಬಂಧವಲ್ಲ. ನಿಮ್ಮ ನೋಟಿಸಿನಲ್ಲಿ ಯಾವ ನಿಯಮದ ಉಲ್ಲಂಘನೆ ಎಂದಾಗಲಿ, ಏನು ಹಾನಿಯಾಯಿತು ಎಂದಾಗಲಿ ಇರುವಂತೆ ನಿಮ್ಮ ಪತ್ರದಿಂದ ತೋರುವುದಿಲ್ಲ. ಅದು ನೋಟಿಸಿನ ದೊಡ್ಡ ಕೊರತೆ.

ಸ್ಥಾಯಿ ಆದೇಶಗಳ ವಿಷಯದಲ್ಲಿ ಈಚಿನ ಬದಲಾವಣೆಯೊಂದನ್ನು ಗಮನಿಸಿ. 1946ರ ಕೇಂದ್ರ ಕಾಯಿದೆಯ ಜಾಗದಲ್ಲಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಸ್ಥಾಯಿ ಆದೇಶಗಳ ಅಧ್ಯಾಯ 300 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿಗೆ ಅನ್ವಯಿಸುತ್ತದೆ. 80 ಜನರ ನಿಮ್ಮ ಕಂಪನಿಯಲ್ಲಿ ಹಾಗಾಗಿ ನೇಮಕಾತಿ ಪತ್ರ ಮತ್ತು ಕಂಪನಿಯ ಸ್ವಂತ ಸೇವಾ ನಿಯಮಗಳೇ ಮುಖ್ಯವಾಗಬಹುದು. ಎರಡರ ಪ್ರತಿಯನ್ನೂ ಲಿಖಿತವಾಗಿ ಕೇಳಿ. ‘ಕಂಪನಿಯ ಹಿತಕ್ಕೆ ವಿರುದ್ಧವಾದ ಯಾವುದೇ ಕೃತ್ಯ’ ಎಂಬ ಒಂದು ಸಾಲು ಹೆಚ್ಚುಕಡಿಮೆ ಎಲ್ಲ ನೇಮಕಾತಿ ಪತ್ರಗಳಲ್ಲೂ ಇರುತ್ತದೆ, ನಿಮ್ಮದರಲ್ಲೂ ಇದ್ದೀತು. ಅಂಥ ಸಾಲನ್ನು ತೋರಿಸಿದ ಮಾತ್ರಕ್ಕೆ ನೀವು ಸೋತಂತಲ್ಲ. ಅಷ್ಟು ಅಗಲವಾದ ಮಾತನ್ನು ಓದುವಾಗ ನ್ಯಾಯಾಲಯ ಅದನ್ನು ಉದ್ಯೋಗದ ಆವರಣಕ್ಕೆ ಕಟ್ಟಿಯೇ ಓದಬೇಕು ಎಂದು ವಾದಿಸಲು ಮೇಲಿನ ತೀರ್ಪುಗಳು ಒಳ್ಳೆಯ ಆಧಾರ ಕೊಡುತ್ತವೆ.

ಇನ್ನೊಂದು ಅನುಕೂಲ ನಿಮಗಿದೆ. ನೀವು ಮಾಡುವುದು ಗುಮಾಸ್ತಿಕೆ. ಕೈಗಾರಿಕಾ ವಿವಾದಗಳ ಕಾನೂನು ‘ಕಾರ್ಮಿಕ’ ಎನ್ನುವಾಗ ಕಾರಕೂನಿಕೆಯನ್ನು ಹಿಂದೆಯೂ ಸೇರಿಸಿತ್ತು, ಈಗಿನ ಸಂಹಿತೆಯಲ್ಲೂ ಸೇರಿಸಿದೆ. ಆದ್ದರಿಂದ ನಿಮ್ಮನ್ನು ಕೆಲಸದಿಂದ ತೆಗೆದರೆ ಅದು ಕೈಗಾರಿಕಾ ವಿವಾದವಾಗುತ್ತದೆ. ಆರೋಪ ನಿಜವೆಂದೇ ಇಟ್ಟುಕೊಂಡರೂ ತಪ್ಪಿಗೆ ತಕ್ಕ ಶಿಕ್ಷೆಯೇ ಎಂದು ತೂಗಿ ನೋಡುವ ಅಧಿಕಾರ ವಿವಾದ ಕೇಳುವ ನ್ಯಾಯಮಂಡಳಿಗೆ ಇದೆ. ಇದೇ ಮಾತನ್ನು ನಿಮ್ಮ ಕಂಪನಿಯ ವ್ಯವಸ್ಥಾಪಕರು ಬರೆದಿದ್ದರೆ ಅವರಿಗೆ ಈ ಆಸರೆ ಇರುತ್ತಿರಲಿಲ್ಲ, ಅವರ ಮಾತನ್ನು ಜನ ಕಂಪನಿಯ ಮಾತೆಂದೇ ತಿಳಿಯುತ್ತಿದ್ದರು ಕೂಡ. ಹುದ್ದೆ ದೊಡ್ಡದಾದಷ್ಟೂ ಹೊರಗಿನ ನಾಲಿಗೆಗೆ ಕಟ್ಟು ಹೆಚ್ಚು.

ಈಗ ನ್ಯಾಯಾಲಯಗಳು ಇಂಥ ಬರಹಗಳನ್ನು ನೇರವಾಗಿ ನೋಡಿದ ಕೆಲವು ಸಂದರ್ಭಗಳಿಗೆ ಬರುತ್ತೇನೆ. ನೌಕರರು ಗೆದ್ದದ್ದೂ ಇದೆ, ಸೋತದ್ದೂ ಇದೆ. ಗೆದ್ದವರ ಕತೆ ಮಾತ್ರ ಹೇಳಿ ನಿಮ್ಮನ್ನು ಹುರಿದುಂಬಿಸುವುದು ನನ್ನ ಕೆಲಸವಲ್ಲ.

ನಮ್ಮ ರಾಜ್ಯದ್ದೇ ಒಂದು. ಕರ್ನಾಟಕ ರಾಜ್ಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮದ ಅಧಿಕಾರಿಯೊಬ್ಬರು ನಿಗಮದ ಆಡಳಿತದ ಮೇಲೆ ಆರೋಪ ಹೊರಿಸಿ ರಾಜ್ಯಪಾಲರಿಗೆ ಪತ್ರ ಬರೆದರು, ಪತ್ರಿಕೆಗಳಿಗೂ ಹೇಳಿಕೆ ಕೊಟ್ಟರು. ನಿಗಮ ಅವರನ್ನು ವಜಾ ಮಾಡಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 1998ರಲ್ಲಿ ವಜಾ ಆದೇಶವೇ ಉಳಿಯಿತು. ಸಂಸ್ಥೆಯ ಹಿತಕ್ಕೂ ಗೌರವಕ್ಕೂ ಕುಂದು ತರಬಾರದು ಎಂಬ ಸೇವಾ ನಿಯಮದ ಉದ್ದೇಶ ಶಿಸ್ತು ಮತ್ತು ದಕ್ಷತೆಯೇ ಹೊರತು ವಾಕ್ ಸ್ವಾತಂತ್ರ್ಯವನ್ನು ಮೊಟಕುಗೊಳಿಸುವುದಲ್ಲ ಎಂಬುದು ನ್ಯಾಯಾಲಯದ ನಿಲುವಾಗಿತ್ತು. ಆ ತೀರ್ಪು ನೌಕರನ ಕಡೆಗೆ ಬಹಳ ಬಿಗಿಯಾಯಿತು ಎಂದು ಅಂದಿನಿಂದಲೂ ನನಗನ್ನಿಸಿದೆ. ಆದರೆ ಅದು ಇದೆ, ಕಂಪನಿಯ ವಕೀಲರು ಮೊದಲು ಹಿಡಿದು ತರುವುದು ಅದನ್ನೇ. ಅದಕ್ಕೆ ನಿಮ್ಮ ಉತ್ತರ ಹೀಗಿರಬೇಕು: ಆ ಅಧಿಕಾರಿ ಮಾತಾಡಿದ್ದು ತಾನು ಕೆಲಸ ಮಾಡುವ ಸಂಸ್ಥೆಯ ಒಳಾಡಳಿತದ ಬಗ್ಗೆ, ನಿಮ್ಮ ಮೊದಲ ಎರಡು ವಾಕ್ಯಗಳಲ್ಲಿ ಕಂಪನಿಯ ಹೆಸರೂ ಇಲ್ಲ, ಒಳಾಡಳಿತವೂ ಇಲ್ಲ.

2023ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಖಾಸಗಿ ಕಾರ್ಖಾನೆಯೊಂದರ ಕಾರ್ಮಿಕನ ವಜಾವನ್ನು ಎತ್ತಿಹಿಡಿಯಿತು. ವೇತನದ ವಿವಾದ ನಡೆಯುತ್ತಿದ್ದಾಗ ಆತ ಫೇಸ್‌ಬುಕ್‌ನಲ್ಲಿ ಕಂಪನಿಯ ವಿರುದ್ಧ ಉದ್ರೇಕಿಸುವ ಬರಹಗಳನ್ನು ಹಾಕಿದ್ದರು. ವಾಕ್ ಸ್ವಾತಂತ್ರ್ಯ ವಿವೇಚನೆಯ ಎಲ್ಲೆ ದಾಟಬಾರದು ಎಂದಿತು ನ್ಯಾಯಾಲಯ. ಅದೇ ವರ್ಷ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠದ ಮುಂದೆ ತಮಿಳುನಾಡು ಗ್ರಾಮ ಬ್ಯಾಂಕಿನ ನೌಕರರೊಬ್ಬರ ಪ್ರಕರಣ ಬಂದಿತ್ತು. ಅವರು ಸಹೋದ್ಯೋಗಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆಡಳಿತವನ್ನು ಟೀಕಿಸಿದ್ದರು. ನೌಕರನಿಗೆ ತನ್ನ ಒಳಗಿನ ಬೇಗುದಿಯನ್ನು ಹೊರಹಾಕುವ ಹಕ್ಕಿದೆ, ಸಂಸ್ಥೆಯ ಹೆಸರಿಗೆ ನಿಜವಾಗಿ ಪೆಟ್ಟು ಬೀಳುವ ಹಂತದಲ್ಲಿ ಮಾತ್ರ ಆಡಳಿತ ನಡುವೆ ಬರಬಹುದು ಎಂದು ಹೇಳಿ ಆ ಪೀಠ ಆರೋಪಪತ್ರವನ್ನು ರದ್ದು ಮಾಡಿತು. ಎರಡರ ನಡುವಿನ ವ್ಯತ್ಯಾಸ ನೋಡಿ. ಒಂದರಲ್ಲಿ ಮಾತು ಎಲ್ಲರಿಗೂ ತೆರೆದಿತ್ತು, ಕಂಪನಿಯನ್ನೇ ಗುರಿ ಮಾಡಿತ್ತು, ಸಿಟ್ಟೇಳಿಸುವಂತಿತ್ತು. ಇನ್ನೊಂದರಲ್ಲಿ ಅದು ಗುಂಪಿನೊಳಗಿನ ಗೊಣಗಾಟ. ನಿಮ್ಮ ಬರಹ ಎಲ್ಲರಿಗೂ ತೆರೆದಿತ್ತು ಎಂಬುದು ನಿಮಗೆ ಪ್ರತಿಕೂಲ. ಅದರ ಮೊದಲ ಎರಡು ವಾಕ್ಯಗಳ ಗುರಿ ಕಂಪನಿಯಲ್ಲ, ಯೋಜನೆ ಎಂಬುದು ಅನುಕೂಲ.

ನಮ್ಮ ದೇಶದ್ದಲ್ಲದ ಒಂದು ತೀರ್ಪನ್ನೂ ಹೇಳಬೇಕೆನಿಸುತ್ತದೆ, ಏಕೆಂದರೆ ಅದು ಗೆಲುವಿನ ಬೆಲೆಯನ್ನು ಕಾಣಿಸುತ್ತದೆ. ಇಂಗ್ಲೆಂಡಿನ ಟ್ರಾಫರ್ಡ್ ವಸತಿ ಟ್ರಸ್ಟಿನ ನೌಕರರೊಬ್ಬರು ರಜೆಯ ವೇಳೆ ಫೇಸ್‌ಬುಕ್‌ನಲ್ಲಿ ವಿವಾದಿತ ಸಾಮಾಜಿಕ ವಿಷಯವೊಂದರ ಬಗ್ಗೆ ಸಭ್ಯವಾಗಿ ಅಭಿಪ್ರಾಯ ಹೇಳಿದ್ದಕ್ಕೆ ಅವರ ಹುದ್ದೆಯನ್ನೂ ಸಂಬಳವನ್ನೂ ಇಳಿಸಲಾಯಿತು. ಅವರ ಪುಟದಲ್ಲಿ ಉದ್ಯೋಗದಾತರ ಹೆಸರಿದ್ದರೂ ಅದು ಸಂಸ್ಥೆಯ ಅಭಿಪ್ರಾಯವೆಂದು ಬುದ್ಧಿಯಿರುವ ಯಾವ ಓದುಗನೂ ತಿಳಿಯುವುದಿಲ್ಲ ಎಂದು 2012ರಲ್ಲಿ ಅಲ್ಲಿನ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಆದರೆ ಕರಾರಿನ ಕಾನೂನಿನ ಲೆಕ್ಕದಲ್ಲಿ ಅವರಿಗೆ ಸಿಕ್ಕ ಪರಿಹಾರ ನೂರು ಪೌಂಡಿಗಿಂತ ಕಡಿಮೆ. ವರ್ಷಗಟ್ಟಲೆ ಓಡಾಡಿ ನ್ಯಾಯ ಗೆದ್ದು ಕೈಗೆ ಬರುವುದು ಎಷ್ಟು ಎಂಬುದನ್ನು ಮನೆ ನಡೆಸುವ ಪ್ರತಿಯೊಬ್ಬ ನೌಕರನೂ ಮೊದಲೇ ಯೋಚಿಸಿಕೊಳ್ಳಬೇಕು. ನಾನು ನಿಮಗೆ ಜಗಳಕ್ಕಿಂತ ಒಳ್ಳೆಯ ಉತ್ತರ ಬರೆಯಲು ಹೇಳುತ್ತಿರುವುದು ಈ ಕಾರಣಕ್ಕೆ.

ಇಲ್ಲಿ ಕಂಪನಿಯ ಕಡೆಯನ್ನೂ ನ್ಯಾಯವಾಗಿ ನೋಡೋಣ. 80 ಜನರ ಸಂಬಳ ಒಂದು ಉಪಗುತ್ತಿಗೆಯ ಮೇಲೆ ನಿಂತಿರುವಾಗ, ಗುತ್ತಿಗೆ ಕೊಟ್ಟ ದೊಡ್ಡ ಕಂಪನಿಯಿಂದ ಒಂದು ಫೋನ್ ಬಂದರೆ ನಿಮ್ಮ ಮಾಲೀಕರ ಎದೆ ನಡುಗುವುದು ಸಹಜ. ನೌಕರನು ಕೆಲಸದಲ್ಲಿ ಕಂಡ ಲೆಕ್ಕಪತ್ರವನ್ನು ಹೊರಗೆ ಹೇಳಬಾರದು ಎಂಬ ನಿಷ್ಠೆಯ ಕರ್ತವ್ಯ ಕರಾರಿನಲ್ಲಿ ಬರೆಯದಿದ್ದರೂ ಇರುತ್ತದೆ. ಗ್ರಾಹಕರ ದರ, ಬಿಲ್ಲು, ಟೆಂಡರಿನ ಅಂಕಿ ಇವು ಹೊರಬಿದ್ದರೆ ವ್ಯಾಪಾರ ಉಳಿಯದು. ಇದನ್ನು ಸಣ್ಣದೆಂದು ತಳ್ಳಿಹಾಕುವವನು ವ್ಯಾಪಾರ ಮಾಡಿದವನಲ್ಲ. ಸುಳ್ಳು ಹೇಳುವ, ಸಹೋದ್ಯೋಗಿಗಳನ್ನು ಹೀನಾಯವಾಗಿ ಬಯ್ಯುವ, ಜಾತಿ ಧರ್ಮ ಹಿಡಿದು ದ್ವೇಷ ಹಬ್ಬಿಸುವ ನೌಕರನನ್ನು ಅವನು ರಜೆಯಲ್ಲಿದ್ದ ಎಂಬ ಕಾರಣಕ್ಕೆ ಸಹಿಸಿಕೊಳ್ಳಬೇಕು ಎಂದೂ ನಾನು ಹೇಳಲಾರೆ. ಆದರೆ ಸಂಬಳ ಕೊಟ್ಟು ಕಂಪನಿ ಕೊಂಡದ್ದು ನಿಮ್ಮ ದಿನದ ಕೆಲವು ಗಂಟೆಗಳ ದುಡಿಮೆಯನ್ನು, ಆ ದುಡಿಮೆಯಲ್ಲಿ ತಿಳಿದದ್ದರ ಗುಟ್ಟನ್ನು. ನೀವು ಆ ಊರಿನವರು, ಮೀನುಗಾರರ ಮಗ, ಮತದಾರ ಎಂಬುದನ್ನು ಅದು ಕೊಂಡಿಲ್ಲ, ಕೊಳ್ಳಲೂ ಆಗದು. ಯಾವ ಸಾರ್ವಜನಿಕ ವಿಷಯದ ಬಗ್ಗೆಯೂ ಬರೆಯುವುದಿಲ್ಲ ಎಂಬ ಮುಚ್ಚಳಿಕೆ ಕೇಳುವುದು ಇದನ್ನೇ. ಅದಕ್ಕೆ ಸಹಿ ಹಾಕಬೇಡಿ. ನಾಳೆ ಊರ ರಸ್ತೆಯ ಹೊಂಡದ ಬಗ್ಗೆ, ಮಗಳ ಶಾಲೆಯ ಬಗ್ಗೆ ನಾಲ್ಕು ಸಾಲು ಬರೆದರೂ ಕರಾರು ಮುರಿದಿರಿ ಎಂದು ಅದೇ ಕಾಗದವನ್ನು ಎದುರಿಗಿಡುತ್ತಾರೆ.

ಉತ್ತರ ಕನ್ನಡಕ್ಕೆ ಈ ಪ್ರಶ್ನೆ ಹೊಸದಲ್ಲ. 1930ರ ಏಪ್ರಿಲಿನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಮೇಲೆ ಅಂಕೋಲೆ, ಸಿದ್ದಾಪುರ ಸೀಮೆಯ ಹಳ್ಳಿಗಳಲ್ಲಿ ಪಟೇಲರು ತಮ್ಮ ಹುದ್ದೆಗೆ ರಾಜೀನಾಮೆ ಕೊಟ್ಟು ಚಳವಳಿಗೆ ಇಳಿದರು. ಅಂದಿನ ಆಳ್ವಿಕೆಯಲ್ಲಿ ನೌಕರಿ ಬಿಟ್ಟ ಮೇಲೆಯೇ ನಾಲಿಗೆ ಬಿಡುಗಡೆಯಾಗುತ್ತಿತ್ತು. ಸ್ವತಂತ್ರ ದೇಶದಲ್ಲೂ ಅದೇ ಷರತ್ತು ಉಳಿಯಬಾರದು ಎಂಬುದೇ ಸಂವಿಧಾನ ಬಂದ ಮೇಲಿನ ತೀರ್ಪುಗಳ ಒಟ್ಟು ದಿಕ್ಕು. 1962ರ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ, ಸರ್ಕಾರಿ ಕೆಲಸಕ್ಕೆ ಸೇರಿದವನು ಮೂಲಭೂತ ಹಕ್ಕುಗಳನ್ನು ಬಾಗಿಲಲ್ಲಿ ಬಿಟ್ಟು ಬರುವುದಿಲ್ಲ ಎಂಬುದನ್ನು ಒಪ್ಪಿ, ಎಲ್ಲ ಬಗೆಯ ಪ್ರದರ್ಶನವನ್ನೂ ನಿಷೇಧಿಸಿದ್ದ ಬಿಹಾರದ ನಿಯಮವನ್ನು ಆ ಮಟ್ಟಿಗೆ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. 2020ರ ಜನವರಿಯಲ್ಲಿ ತ್ರಿಪುರ ಹೈಕೋರ್ಟ್ ಫೇಸ್‌ಬುಕ್ ಬರಹಕ್ಕೂ ಅದೇ ಮಾತನ್ನು ಅನ್ವಯಿಸಿ, ನಡತೆ ನಿಯಮಗಳ ಮಿತಿಯೊಳಗೆ ಸರ್ಕಾರಿ ನೌಕರಳಿಗೂ ತನ್ನ ನಂಬಿಕೆಯನ್ನು ಹೇಳುವ ಹಕ್ಕಿದೆ ಎಂದಿತು.

ನಮ್ಮ ಕಡೆ ಒಂದೇ ಮನೆಯಲ್ಲಿ ಒಬ್ಬರು ಕೈಗಾದಲ್ಲಿ, ಒಬ್ಬರು ನೌಕಾನೆಲೆಯಲ್ಲಿ, ಇನ್ನೊಬ್ಬರು ಶಿರಸಿಯ ಸಹಕಾರಿ ಸಂಘದಲ್ಲಿ ಇರುವುದುಂಟು. ಆದ್ದರಿಂದ ಅವರಿಗೂ ಎರಡು ಮಾತು. ಕೇಂದ್ರ ಸರ್ಕಾರದ ನೌಕರರಿಗೆ 1964ರ ನಡತೆ ನಿಯಮಗಳು, ರಾಜ್ಯ ಸರ್ಕಾರದವರಿಗೆ 2021ರ ನಡತೆ ನಿಯಮಗಳು ಸರ್ಕಾರದ ನೀತಿಯ ಬಹಿರಂಗ ಟೀಕೆಗೆ ಸ್ಪಷ್ಟ ತಡೆ ಹಾಕಿವೆ. ನಿಮಗಿರುವಷ್ಟು ಸಡಿಲ ಅವರಿಗಿಲ್ಲ. ಸರ್ಕಾರಿ ಉದ್ದಿಮೆಗಳವರು ತಮ್ಮ ಸಂಸ್ಥೆಯ ನಡತೆ ನಿಯಮಗಳನ್ನು ಓದಿಕೊಳ್ಳಬೇಕು. ಸಹಕಾರಿ ಸಂಘದ ನೌಕರರ ತೊಡಕು ಬೇರೆಯೇ. ಅಡಿಕೆ ಬೆಳೆಗಾರರ ಮನೆಯ ಹುಡುಗ ಸಂಘದಲ್ಲಿ ನೌಕರ, ಅವನ ಮನೆಯವರು ಅದೇ ಸಂಘದ ಸದಸ್ಯರು. ಆಡಳಿತ ಮಂಡಳಿಯ ಚುನಾವಣೆಯ ಹೊತ್ತಿಗೆ ಸದಸ್ಯರ ಮನೆಯ ಮಾತು ಎಲ್ಲಿ ಮುಗಿಯಿತು, ನೌಕರನ ಮಾತು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಬಲು ಕಷ್ಟ. ಅಂಥ ನೌಕರರಿಗೆ ನಾನು ಕೊಡುತ್ತ ಬಂದ ಸಲಹೆ ಒಂದೇ. ಸದಸ್ಯರಾದ ಮನೆಯವರು ವಾರ್ಷಿಕ ಸಭೆಯಲ್ಲಿ ಎದ್ದು ಕೇಳಲಿ, ನೌಕರ ತಾನು ಕಂಡ ಖಾತೆಯ ಅಂಕಿಯನ್ನು ಅವರ ಕೈಗೆ ಕೊಡದಿರಲಿ.

ನಿಮ್ಮ ಮೂರನೆಯ ವಾಕ್ಯಕ್ಕೆ ಮರಳೋಣ, ನಿಜವಾದ ಅಪಾಯ ಅಲ್ಲಿದೆ. ಲಾರಿ ಮಿತಿ ಮೀರಿ ಭಾರ ಹೊರುವುದು ಸಣ್ಣ ಮಾತಲ್ಲ. 2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಕಾಯಿದೆಯ 194ನೇ ಕಲಮಿನಲ್ಲಿ ಅದಕ್ಕೆ 20,000 ರೂಪಾಯಿ ದಂಡ, ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ. ಬಿಲ್ಲಿನ ತೂಕ ಬೇರೆ ಎಂಬ ನಿಮ್ಮ ಮಾತು ಅದಕ್ಕಿಂತ ದೊಡ್ಡದು, ಅದು ಸುಳ್ಳು ಲೆಕ್ಕದ ಆರೋಪ. ನಿಜವಾಗಿದ್ದರೆ ಅದು ಬೆಳಕಿಗೆ ಬರಬೇಕು. ಘಟ್ಟದ ರಸ್ತೆಯಲ್ಲಿ ಅಂಥ ಲಾರಿಯ ಬ್ರೇಕು ಹಿಡಿಯದಿದ್ದರೆ ಎದುರು ಬರುವ ಬಸ್ಸಿನವರ ಗತಿ ಏನೆಂದು ಈ ಜಿಲ್ಲೆಯಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಆದರೆ ಅದನ್ನು ಹೇಳಬೇಕಾದ ಜಾಗ ಫೇಸ್‌ಬುಕ್ ಅಲ್ಲ.

ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು ಮಾನಹಾನಿಯನ್ನು ಅಪರಾಧವೆನ್ನುತ್ತದೆ. ಅದು ಕಂಪನಿಗೂ ಅನ್ವಯಿಸುತ್ತದೆ. ಅದರ ಮೊದಲ ವಿನಾಯಿತಿಯ ರಕ್ಷಣೆ ಸಿಗಬೇಕಾದರೆ ಮಾತು ನಿಜವಾಗಿರುವುದಷ್ಟೇ ಸಾಲದು, ಅದನ್ನು ಪ್ರಕಟಿಸಿದ್ದು ಸಾರ್ವಜನಿಕ ಹಿತಕ್ಕಾಗಿ ಎಂಬುದನ್ನೂ ನೀವೇ ತೋರಿಸಬೇಕು. ಆದರೆ ಅದೇ ಕಲಮಿನ ಎಂಟನೆಯ ವಿನಾಯಿತಿ, ಕಾನೂನುಬದ್ಧ ಅಧಿಕಾರವಿರುವವರಿಗೆ ಸದ್ಭಾವನೆಯಿಂದ ದೂರು ಕೊಡುವವರನ್ನು ಕಾಪಾಡುತ್ತದೆ. ಅಂದರೆ ಅದೇ ಮಾತನ್ನು ಪ್ರಾದೇಶಿಕ ಸಾರಿಗೆ ಅಧಿಕಾರಿಗೆ ಅಥವಾ ಪೊಲೀಸರಿಗೆ ಬರೆದು ಸಹಿ ಹಾಕಿ ಕೊಟ್ಟಿದ್ದರೆ ನಿಮ್ಮ ನಿಲುವು ಈಗಿರುವುದಕ್ಕಿಂತ ಎಷ್ಟೋ ಗಟ್ಟಿಯಾಗಿರುತ್ತಿತ್ತು. ಹಗರಣ ಬಯಲಿಗೆಳೆಯುವವರ ರಕ್ಷಣೆಗೆಂದು 2014ರಲ್ಲಿ ಬಂದ ಕಾಯಿದೆಯ ಮೇಲೆ ಮಾತ್ರ ಭರವಸೆ ಇಡಬೇಡಿ. ಸಂಸತ್ತು ಅದನ್ನು ಅಂಗೀಕರಿಸಿದರೂ ಜಾರಿಗೆ ತಂದಿಲ್ಲ, ಮೇಲಾಗಿ ಅದು ಖಾಸಗಿ ಕಂಪನಿಗಳಿಗಾಗಿ ಬರೆದದ್ದೂ ಅಲ್ಲ. ಇದು ನಮ್ಮ ಕಾನೂನಿನ ದೊಡ್ಡ ನಾಚಿಕೆ ಎಂದೇ ನಾನು ತಿಳಿದಿದ್ದೇನೆ.

ಈಗ ಮಾಡಬೇಕಾದದ್ದು. ನಿಮ್ಮ ಬರಹದ, ಅದರ ಕೆಳಗಿನ ಪ್ರತಿಕ್ರಿಯೆಗಳ, ದಿನಾಂಕ ಕಾಣುವಂಥ ಸ್ಕ್ರೀನ್‌ಶಾಟ್‌ಗಳನ್ನು ಮೊದಲು ತೆಗೆದಿಟ್ಟುಕೊಳ್ಳಿ. ನಾಳೆ ಕಂಪನಿ ಅರ್ಧ ಮಾತನ್ನು ಮಾತ್ರ ಮುಂದಿಟ್ಟರೆ ಪೂರ್ಣ ಬರಹ ನಿಮ್ಮ ಕೈಯಲ್ಲಿರಬೇಕು. ಆಮೇಲೆ ಮೂರನೆಯ ವಾಕ್ಯವನ್ನು ಮಾತ್ರ ತೆಗೆದುಹಾಕಿ. ಮೊದಲ ಎರಡನ್ನು ತೆಗೆಯಬೇಡಿ. ತೆಗೆದರೆ ಅವೂ ತಪ್ಪೆಂದು ನೀವೇ ಒಪ್ಪಿದಂತಾಗುತ್ತದೆ. ನಿಮ್ಮ ಪುಟದಲ್ಲಿ ಉದ್ಯೋಗದ ಜಾಗದಲ್ಲಿ ಕಂಪನಿಯ ಹೆಸರಿದ್ದರೆ ಅದನ್ನೂ ತೆಗೆಯಿರಿ. ಕಚೇರಿಯ ಯಾವ ಬಿಲ್ಲಿನ, ಕಡತದ ಫೋಟೊವನ್ನೂ ಈ ಹೊತ್ತಿನಲ್ಲಿ ತೆಗೆಯಲು ಹೋಗಬೇಡಿ. ಮಾತಿನ ಪ್ರಕರಣ ಅಲ್ಲಿಗೆ ಕಳವಿನ ಪ್ರಕರಣವಾಗುತ್ತದೆ.

ಉತ್ತರವನ್ನು ಏಳು ದಿನದೊಳಗೇ ಕೊಡಿ. ಚಿಕ್ಕದಾಗಿ, ಕೋಪವಿಲ್ಲದೆ, ಈ ಧಾಟಿಯಲ್ಲಿ ಬರೆಯಬಹುದು: ‘ನನ್ನ ಬರಹದ ಮೊದಲ ಎರಡು ವಾಕ್ಯಗಳು ಮೀನುಗಾರ ಕುಟುಂಬದ ಒಬ್ಬ ನಿವಾಸಿಯಾಗಿ ನಾನು ವ್ಯಕ್ತಪಡಿಸಿದ ಸ್ವಂತ ಅಭಿಪ್ರಾಯ. ಅದನ್ನು ಕೆಲಸದ ವೇಳೆಯ ಹೊರಗೆ, ನನ್ನ ಸ್ವಂತ ಫೋನಿನಿಂದ ಬರೆದಿದ್ದೇನೆ; ಅದು ಕಂಪನಿಯ ಅಭಿಪ್ರಾಯವೆಂದು ಎಲ್ಲಿಯೂ ಹೇಳಿಲ್ಲ. ಮೂರನೆಯ ವಾಕ್ಯವನ್ನು ಸಾರ್ವಜನಿಕವಾಗಿ ಬರೆಯಬಾರದಿತ್ತು ಎಂದು ಮನಗಂಡು ತೆಗೆದಿದ್ದೇನೆ. ಆ ವಿಷಯವನ್ನು ಸೂಕ್ತ ಅಧಿಕಾರಿಯ ಗಮನಕ್ಕೆ ತರುವ ನನ್ನ ಹಕ್ಕು ಉಳಿದಿದೆ. ಯಾವ ನಿಯಮದ ಪ್ರಕಾರ ಇದು ದುರ್ನಡತೆ ಎಂಬುದನ್ನೂ, ಕಂಪನಿಗೆ ಆದ ಹಾನಿ ಏನೆಂಬುದನ್ನೂ ದಯವಿಟ್ಟು ತಿಳಿಸಬೇಕು. ಕೆಲಸದಲ್ಲಿ ತಿಳಿದ ಗೋಪ್ಯ ಮಾಹಿತಿಯನ್ನು ಪ್ರಕಟಿಸುವುದಿಲ್ಲವೆಂದು ಬರೆದುಕೊಡಲು ಸಿದ್ಧನಿದ್ದೇನೆ. ಕೇಳಿರುವ ರೂಪದ ಮುಚ್ಚಳಿಕೆಗೆ ಸಹಿ ಹಾಕಲು ಆಗುವುದಿಲ್ಲ.’ ಮೂರನೆಯ ವಾಕ್ಯ ಸುಳ್ಳೆಂದು ಮಾತ್ರ ಎಲ್ಲಿಯೂ ಒಪ್ಪಬೇಡಿ, ಅದು ಸುಳ್ಳಲ್ಲದಿದ್ದರೆ. ಕೈಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ, ಕೊಡದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಇದರ ಮೇಲೂ ವಿಚಾರಣೆ ನಡೆಸಿದರೆ ಹಾಜರಾಗಿ. ಕಂಪನಿಯ ಆಂತರಿಕ ವಿಚಾರಣೆಯಲ್ಲಿ ಸಾಕ್ಷ್ಯ ಕಾನೂನು ಅಕ್ಷರಶಃ ಅನ್ವಯಿಸದಿದ್ದರೂ ಸಹಜ ನ್ಯಾಯ ಅನ್ವಯಿಸುತ್ತದೆ; ಆರೋಪದ ಪ್ರತಿ, ದಾಖಲೆಗಳು, ಸಾಕ್ಷಿಯನ್ನು ಪ್ರಶ್ನಿಸುವ ಅವಕಾಶ ಇವನ್ನು ಕೇಳುವುದು ನಿಮ್ಮ ಹಕ್ಕು. ವಿಚಾರಣೆಯಿಲ್ಲದೆ ತೆಗೆದುಹಾಕಿದರೆ ತಡಮಾಡದೆ ಕಾರವಾರದ ಕಾರ್ಮಿಕ ಅಧಿಕಾರಿಯವರಲ್ಲಿ ವಿವಾದ ದಾಖಲಿಸಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಮಿನಲ್ಲಿ ಕೈಗಾರಿಕಾ ಕಾರ್ಮಿಕರಿಗೆ ಉಚಿತ ಕಾನೂನು ನೆರವಿಗೆ ಅರ್ಹತೆ ಇದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದಲ್ಲಿ ವಿಚಾರಿಸಿ.

ಕೊನೆಯದಾಗಿ ಅಹವಾಲು ಸಭೆ. ಅದಕ್ಕೆ ಹೋಗಿ, ಮಾತಾಡಿ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಆ ಸಭೆಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಏರ್ಪಡಿಸುತ್ತದೆ, ಜಿಲ್ಲಾಧಿಕಾರಿಯವರು ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸುತ್ತಾರೆ, ಸ್ಥಳೀಯರ ಮಾತನ್ನು ದಾಖಲಿಸಿ ಕೊನೆಯಲ್ಲಿ ಸ್ಥಳೀಯ ಭಾಷೆಯಲ್ಲಿ ವಿವರಿಸಿ ಓದಿ ಹೇಳಬೇಕು. ಯೋಜನೆಯಿಂದ ಬಾಧಿತರಾಗುವವರ ಮಾತು ಕೇಳುವುದಕ್ಕೆಂದೇ ಕಾನೂನು ಕಟ್ಟಿಕೊಟ್ಟ ಜಾಗ ಅದು. ಅಂಕೋಲೆಯ ಕೇಣಿ ಬಂದರು ಯೋಜನೆಗೆ 2025ರಲ್ಲಿ ಇಂಥದೇ ಸಭೆ ನಡೆದಾಗ ಮೀನುಗಾರ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಬಂದು ತಮ್ಮ ಮಾತು ಹೇಳಿದ್ದನ್ನು ನೀವೂ ಬಲ್ಲಿರಿ. ಅಲ್ಲಿ ಹೇಳಿದ್ದಕ್ಕೆ ನೌಕರನನ್ನು ಶಿಕ್ಷಿಸಹೊರಟ ಕಂಪನಿ ತನ್ನ ಕ್ರಮವನ್ನು ಯಾವ ನ್ಯಾಯಮಂಡಳಿಯ ಮುಂದೆಯೂ ಸುಲಭವಾಗಿ ಸಮರ್ಥಿಸಿಕೊಳ್ಳಲಾರದು. ಅಂದಿಗೆ ಲಿಖಿತವಾಗಿ ರಜೆ ಕೇಳಿ ಮಂಜೂರು ಮಾಡಿಸಿಕೊಳ್ಳಿ, ಕಂಪನಿಯ ಸಮವಸ್ತ್ರವಾಗಲಿ ಗುರುತಿನ ಚೀಟಿಯಾಗಲಿ ಮೈಮೇಲೆ ಇರದಿರಲಿ. ಊರು, ಹೆಸರು, ಮೀನುಗಾರರ ಮಗ ಎಂಬಷ್ಟನ್ನೇ ಹೇಳಿ. ಮಳೆಗಾಲದಲ್ಲಿ ದೋಣಿಗಳನ್ನು ಎಲ್ಲಿ ಎಳೆದಿಡುತ್ತೀರಿ, ರಂಪಣಿ ಬಲೆ ಎಳೆಯಲು ಎಷ್ಟು ದಂಡೆ ಬೇಕು, ಅಳಿವೆಯ ಬಾಯಿ ಹಿಂದೆ ಯಾವಾಗ ಎತ್ತ ಸರಿಯಿತು ಎಂಬುದನ್ನು ತಂದೆಯವರಿಂದ ಕೇಳಿ ಒಂದು ಪುಟದಲ್ಲಿ ಬರೆದುಕೊಂಡು ಹೋಗಿ, ಸಭೆಯಲ್ಲಿ ಓದಿ. ಅದರ ಒಂದು ಪ್ರತಿಯನ್ನು ಮಂಡಳಿಯ ಅಧಿಕಾರಿಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಅವರ ಸಹಿಯನ್ನೂ ಮುದ್ರೆಯನ್ನೂ ಹಾಕಿಸಿಕೊಂಡು ಬನ್ನಿ.